ನೀರು ಕುಡಿಯಲು ಹೋಗಲೇ?

ಕೇಳುಗರಿಗೆ ನಮಸ್ಕಾರ.

ನನ್ನ ತರಗತಿಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಗಣಿತದ ಅವಧಿಯಲ್ಲಿ ತಪ್ಪದೆ ಕೈ ಎತ್ತುತ್ತಿದ್ದ: "ಸರ್, ನೀರು ಕುಡಿಯಲು ಹೋಗಲೇ?" ಒಂದು ದಿನ ಕಳಿಸುತ್ತಿದ್ದೆ, ಮರುದಿನ ಗದರಿ ಕೂರಿಸುತ್ತಿದ್ದೆ. ಚಿತ್ರ ಬರೆಯುವ ಅವಧಿಯಲ್ಲಿ ಅವನಿಗೆ ಬಾಯಾರುವುದೇ ಇಲ್ಲ ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ಅವನ ಮಾತಿನ ಅರ್ಥ ನನಗೆ ಮೊದಲ ದಿನವೇ ತಿಳಿದಿತ್ತು. ಅದರ ಉದ್ದೇಶ ಮಾತ್ರ ತಿಳಿದಿರಲಿಲ್ಲ.

ಮಾತಿಲ್ಲದ ಕಡೆ ಈ ತೊಡಕು ಇನ್ನೂ ಹೆಚ್ಚು. ಮೂವರು ಮಕ್ಕಳು ಪೆನ್ಸಿಲ್ ಬೀಳಿಸುತ್ತಾರೆ ಎನ್ನಿ. ಒಬ್ಬಳಿಗೆ ಪಕ್ಕದ ಗೆಳತಿ ತನ್ನತ್ತ ತಿರುಗಬೇಕು. ಇನ್ನೊಬ್ಬನಿಗೆ ಬರೆಯುವುದು ತಪ್ಪಬೇಕು. ಮೂರನೆಯವನಿಗೆ ಅದು ಉರುಳುವ ಸದ್ದು ಹಿತ, ಅಷ್ಟೇ. ಅವನಿಗೆ ನೋಡುಗರೇ ಬೇಕಿಲ್ಲ. ಮೂವರನ್ನೂ ಹೊರಗೆ ನಿಲ್ಲಿಸಿದರೆ ಎರಡನೆಯವನಿಗೆ ಅದು ಶಿಕ್ಷೆಯಲ್ಲ, ಬಹುಮಾನ. ನಾಳೆ ಅವನು ಇನ್ನಷ್ಟು ಬೇಗ ಬೀಳಿಸುತ್ತಾನೆ. ಆಗ ನಾವು ಅವನನ್ನು ಹಟಮಾರಿ ಎನ್ನುತ್ತೇವೆ.

ಉದ್ದೇಶವನ್ನು ಮಗುವಿನ ಮುಖದಲ್ಲಿ ಹುಡುಕಿ ಪ್ರಯೋಜನವಿಲ್ಲ. ಆ ವರ್ತನೆಗೆ ಮುಂಚೆ ಏನು ನಡೆಯಿತು, ಆಮೇಲೆ ಮಗುವಿಗೆ ಏನು ದಕ್ಕಿತು, ಇವೆರಡನ್ನು ಒಂದು ವಾರ ಬರೆದಿಟ್ಟರೆ ಸಾಮಾನ್ಯವಾಗಿ ಎಳೆ ಸಿಗುತ್ತದೆ. "ಅವನು ಇರುವುದೇ ಹಾಗೆ" ಎಂಬ ಮಾತನ್ನು ಆ ವಾರದ ಮಟ್ಟಿಗಾದರೂ ಶಿಕ್ಷಕರ ಕೊಠಡಿಯಿಂದ ಆಚೆ ಇಡುವುದು ಒಳ್ಳೆಯದು.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಇಲ್ಲಿ ಬಹಳ ಮುಖ್ಯವೆನಿಸುತ್ತದೆ. ಅದರಲ್ಲಿದ್ದವರು ಬೆಳವಣಿಗೆಯ ತೊಂದರೆಗಳಿದ್ದ ನಾಲ್ವರು ಮಕ್ಕಳು. ಪಾಠ ಕಠಿಣವಾದಾಗ ಕೆಲವರ ವರ್ತನೆ ಕೆಡುತ್ತಿತ್ತು. ದೊಡ್ಡವರ ಗಮನ ಕಡಿಮೆಯಾದಾಗ ಕೆಲವರದು. ಕಠಿಣ ಪಾಠಕ್ಕೆ ಕೆರಳುವವರಿಗೆ "ನನಗೆ ಅರ್ಥವಾಗುತ್ತಿಲ್ಲ" ಎಂದೂ, ಗಮನ ಬಯಸುವವರಿಗೆ "ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ?" ಎಂದೂ ಹೇಳಲು ಕಲಿಸಿದರು. ರಂಪಾಟ ಗಣನೀಯವಾಗಿ ಇಳಿಯಿತು. ಆದರೆ ಉದ್ದೇಶಕ್ಕೆ ಹೊಂದದ ವಾಕ್ಯ ಕಲಿಸಿದಾಗ ಹಾಗಾಗಲಿಲ್ಲ. ನಯವಾದ ಮಾತು ಕಲಿಸಿದರೆ ಸಾಲದು. ಹಳೆಯ ವರ್ತನೆ ತಂದುಕೊಡುತ್ತಿದ್ದುದನ್ನೇ ಹೊಸ ಮಾತು ಇನ್ನೂ ಸುಲಭವಾಗಿ ತಂದುಕೊಡಬೇಕು.

ಆಟಿಸಂ ಇರುವ ಕೆಲವು ಮಕ್ಕಳು ಕೇಳಿದ್ದನ್ನೇ ತಿರುಗಿ ಹೇಳುವುದುಂಟು. "ಚೆಂಡು ಬೇಕೇ?" ಎಂದರೆ "ಚೆಂಡು ಬೇಕೇ?" ಎಂದೇ ಉತ್ತರ. ಇದನ್ನು ಬರಿಯ ಗಿಣಿಪಾಠವೆಂದು ತಳ್ಳಿಹಾಕುತ್ತಿದ್ದ ಕಾಲವಿತ್ತು. ಮಾತು ಮತ್ತು ಭಾಷೆಯ ಸಂಶೋಧಕರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡಚನ್ 1981ರಲ್ಲಿ ಇಂತಹ ಪುನರುಚ್ಚಾರದಲ್ಲಿ ಏಳು ಬಗೆಯ ಕೆಲಸಗಳನ್ನು ಗುರುತಿಸಿದರು. ಹೌದು ಎನ್ನುವುದು, ಬೇಡುವುದು, ಮಾತಿನ ಸರದಿ ಕಾಯ್ದುಕೊಳ್ಳುವುದು ಅವುಗಳಲ್ಲಿ ಸೇರಿವೆ. ಹಾಗೆ ಹೇಳುತ್ತಲೇ ಮಗು ಕೈ ಚಾಚಿದ್ದರೆ ಚೆಂಡನ್ನು ಕೊಡಿ.

ಇನ್ನು ಮೌನ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, "ಗೊತ್ತಿಲ್ಲ" ಎನ್ನುವವರು ಕಡಿಮೆಯಾಗುತ್ತಾರೆ. ನಾನೇ ಪ್ರಯತ್ನಿಸಿದ್ದೇನೆ. ಆ ಮೂರು ಸೆಕೆಂಡು ಮಕ್ಕಳಿಗಿಂತ ನನಗೇ ಕಷ್ಟವಾಯಿತು.

ನನ್ನ ಹುಡುಗನಿಗೆ ಭಿನ್ನರಾಶಿ ಅರ್ಥವಾಗಿರಲಿಲ್ಲ. ಅದನ್ನು ಎಲ್ಲರೆದುರು ಹೇಳಲು ಅವನಿಗೆ ನಾಚಿಕೆ. ತಿಳಿಯದಿದ್ದಾಗ ಪುಸ್ತಕವನ್ನು ಮೇಜಿನ ಅಂಚಿಗೆ ಸರಿಸು, ನಾನೇ ಬರುತ್ತೇನೆ ಎಂದು ಒಪ್ಪಂದ ಮಾಡಿಕೊಂಡೆವು. ಮೊದಲ ವಾರ ಪುಸ್ತಕ ಸದಾ ಅಂಚಿನಲ್ಲೇ ಇತ್ತು. ಆಮೇಲೆ ಕಡಿಮೆಯಾಯಿತು. ನೀರಿನ ಪ್ರಶ್ನೆ ಪೂರ್ತಿ ನಿಲ್ಲಲಿಲ್ಲ. ಕೆಲವು ದಿನ ಅವನಿಗೆ ನಿಜವಾಗಿಯೂ ಬಾಯಾರಿರುತ್ತಿತ್ತು.