ನೋಡೋದಕ್ಕೂ ಒಂದು ದೂರ ಇರಲಿ

ಚಳಿಗಾಲ ಬಂತೆಂದರೆ ಕಾಡುಪ್ರಾಣಿ ನೋಡೋಕೆ ಕಾಡಿಗೇ ಹೋಗಬೇಕು ಅಂತೇನಿಲ್ಲ. ಎಲೆ ಉದುರಿದ ಮರದಲ್ಲಿ ಹಕ್ಕಿಗೆ ಮರೆ ಕಡಿಮೆ. ಹುಲ್ಲು ಒಣಗಿ ನೆಲ ಕಚ್ಚಿರುತ್ತೆ, ಬಿಸಿಲು ಓರೆಯಾಗಿ ಬೀಳುತ್ತೆ, ಬೆಳಕು ಹರಿಯೋದೂ ತಡ. ಹಿತ್ತಲ ಗೋಡೆ, ಪಕ್ಕದ ಖಾಲಿ ಸೈಟು, ಬೇಲಿಯಾಚೆಯ ಪೊದೆ, ಇಷ್ಟು ಇದ್ದರೆ ಸಾಕು, ನೋಡೋರಿಗೆ ಕೈತುಂಬ ಕೆಲಸ. ಇವತ್ತು ನನಗೆ ಹೇಳಬೇಕು ಅನ್ನಿಸಿರೋದು ಒಂದೇ ಮಾತು: ನಮ್ಮ ನೋಡುವ ಖುಷಿಗೆ ಆ ಪ್ರಾಣಿ ಬೆಲೆ ತೆರಬಾರದು.

ಯಾಕೆ ಅಂತೀರಾ? ಹತ್ತು ಹನ್ನೆರಡು ಗ್ರಾಂ ತೂಗುವ ಒಂದು ಹಕ್ಕಿ ಚಳಿಗಾಲದ ರಾತ್ರಿಯನ್ನ ಹೇಗೆ ದಾಟುತ್ತೆ ಅಂತ ಯೋಚನೆ ಮಾಡಿ. ಉತ್ತರ ಅಮೆರಿಕದಲ್ಲಿ ಚಿಕಡಿ ಅಂತ ಒಂದು ಪುಟ್ಟ ಹಕ್ಕಿ ಇದೆ. ಹಿಮ ಬಿದ್ದರೂ ವಲಸೆ ಹೋಗದೆ ಅಲ್ಲೇ ಉಳಿಯುತ್ತೆ. ಹಗಲಿಡೀ ತಿಂದು ಮೈಯಲ್ಲಿ ಒಂದಿಷ್ಟು ಕೊಬ್ಬು ಕೂಡಿಸಿಕೊಳ್ಳುತ್ತೆ. ರಾತ್ರಿ ಪುಕ್ಕ ಉಬ್ಬಿಸಿ, ಎದೆಯ ಸ್ನಾಯುಗಳನ್ನ ನಡುಗಿಸ್ತಾ ಆ ಕೊಬ್ಬನ್ನೇ ಉರಿಸಿ ಬೆಚ್ಚಗಿರುತ್ತೆ. ಅದೂ ಸಾಲದು ಅಂತಾದಾಗ ಮೈಬಿಸಿಯನ್ನೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇಳಿಸಿಕೊಳ್ಳುತ್ತೆ. ಬೆಳಗಾಗೋ ಹೊತ್ತಿಗೆ ಕೂಡಿಟ್ಟಿದ್ದೆಲ್ಲ ಬಹುತೇಕ ಖಾಲಿ. ಅಂದಿನ ದುಡಿಮೆ ಅಂದಿಗೇ ಸರಿಹೋಗೋ ಬದುಕು ಅದು.

ಈಗ ಆ ಬೆಳಗಿನ ಮೊದಲ ಅರ್ಧ ಗಂಟೆಯನ್ನ ನೆನೆಸಿಕೊಳ್ಳಿ. ಫೋಟೋಗೆ ಚಂದದ ಬೆಳಕು ಸಿಗೋದೂ ಅದೇ ಹೊತ್ತು. ನಾವು ಒಂದು ಹೆಜ್ಜೆ ಮುಂದಿಡ್ತೀವಿ, ಹಕ್ಕಿ ಪುರ್ ಅಂತ ಹಾರಿಹೋಗುತ್ತೆ. ನಮಗೆ ಒಂದು ಫೋಟೋ ತಪ್ಪಿತು, ಅಷ್ಟೇ. ಅದಕ್ಕೆ ತಿನ್ನುವ ಹೊತ್ತೂ ಹೋಯ್ತು, ಉಳಿದಿದ್ದ ಚೂರು ಶಕ್ತಿಯೂ ಹೋಯ್ತು. ಒಂದು ಸಲಕ್ಕೆ ಏನೂ ಆಗಲಿಕ್ಕಿಲ್ಲ. ಆದರೆ ಅದೇ ಪೊದೆಯ ಹತ್ತಿರ ಬರೋರು ನಾವೊಬ್ಬರೇನಾ?

ನಮ್ಮ ಹಿತ್ತಲ ಕಲ್ಲುಗೋಡೆ ಮೇಲೆ ಬಿಸಿಲು ಕಾಯಿಸೋಕೆ ಒಂದು ಮುಂಗುಸಿ ಬರುತ್ತೆ. ಬಂದ ತಕ್ಷಣ ಮಲಗಲ್ಲ. ಮೊದಲು ಹಿಂಗಾಲ ಮೇಲೆ ನಿಂತು, ಮುಂಗಾಲು ಎದೆ ಹತ್ತಿರ ಇಳಿಬಿಟ್ಟುಕೊಂಡು ಸುತ್ತ ನೋಡುತ್ತೆ. ಮೂಗಿನ ತುದಿ ಒಂದೇ ಸಮ ಅಲುಗಾಡ್ತಿರುತ್ತೆ. ಆಮೇಲೆ ಹೊಟ್ಟೆಯನ್ನ ಕಲ್ಲಿಗೆ ಒತ್ತಿ ಚಪ್ಪಟೆಯಾಗಿ ಮಲಗುತ್ತೆ. ಆ ಓರೆ ಬಿಸಿಲಲ್ಲಿ ಅದರ ಒಂದೊಂದು ಕೂದಲಲ್ಲೂ ಬಿಳಿ, ಕಪ್ಪು ಉಂಗುರ ಉಂಗುರವಾಗಿರೋದು ಕಾಣುತ್ತೆ. ದೂರದಿಂದ ನೋಡಿದರೆ ಬರೀ ಬೂದು ಬಣ್ಣ. ನಾನು ಕಿಟಕಿಯ ಒಳಗೆ, ಪರದೆ ಪಕ್ಕ ನಿಂತು ನೋಡ್ತೀನಿ. ಬಾಗಿಲು ತೆಗೆದರೆ ಇನ್ನೂ ಚೆನ್ನಾಗಿ ಕಾಣುತ್ತೆ, ಗೊತ್ತು. ಆದರೆ ಚಿಲಕದ ಸದ್ದಿಗೆ ಅದು ತಲೆ ಎತ್ತಿತು ಅಂದ್ರೆ, ಅಲ್ಲಿಂದಾಚೆಗೆ ನನಗೆ ಕಾಣೋದು ಹೆದರಿದ ಮುಂಗುಸಿ. ನನಗೆ ನೋಡಬೇಕಾಗಿರೋದು ಬಿಸಿಲು ಕಾಯಿಸೋ ಮುಂಗುಸಿಯನ್ನ.

ನಾವು ನೋಡ್ತಿರೋದು ಅವಕ್ಕೆ ತಿಳಿಯಲ್ಲ ಅಂದುಕೊಳ್ಳಬೇಡಿ. ಅಮೆರಿಕದ ಬೂದು ಅಳಿಲುಗಳು ಚಳಿಗಾಲಕ್ಕೆ ಅಂತ ಕಾಯಿಗಳನ್ನ ಒಂದೊಂದು ಕಡೆ ಒಂದೊಂದಾಗಿ ಹುಗಿದಿಡುತ್ತವೆ. ಯಾರೋ ಗಮನಿಸ್ತಿದ್ದಾರೆ ಅನ್ನಿಸಿದರೆ ಕೆಲವು ಸಲ ಗುಂಡಿ ತೋಡಿ, ಮೂತಿ ತೂರಿಸಿ, ಮಣ್ಣೂ ಮುಚ್ಚುತ್ತವೆ, ಕಾಯಿ ಮಾತ್ರ ಬಾಯಲ್ಲೇ ಇರುತ್ತೆ! ಅದನ್ನ ಕಚ್ಚಿಕೊಂಡು ಬೇರೆ ಕಡೆ ಓಡುತ್ತವೆ. ಕಳ್ಳರ ಕಣ್ಣು ತಪ್ಪಿಸೋ ಈ ಉಪಾಯವನ್ನ ವಿಜ್ಞಾನಿಗಳು ದಾಖಲಿಸಿದ್ದಾರೆ. ನನಗೆ ಇದನ್ನ ಓದಿದಾಗಿನಿಂದ ಅಳಿಲಿನ ಮುಂದೆ ಸುಮ್ಮನೆ ನಿಲ್ಲೋದೂ ಸುಮ್ಮನೆ ಅನ್ನಿಸಲ್ಲ. ನಮ್ಮ ಕಣ್ಣೂ ಅದರ ಲೆಕ್ಕದಲ್ಲಿದೆ.

ಇನ್ನು ಕಾಳು ಹಾಕೋ ವಿಚಾರ. ನನ್ನ ಮಾತು ಹಲವರಿಗೆ ಹಿಡಿಸಲಿಕ್ಕಿಲ್ಲ. ಹಾಕೋರು ಪ್ರೀತಿಯಿಂದಲೇ ಹಾಕ್ತಾರೆ, ಕಡುಚಳಿಯ ಊರುಗಳಲ್ಲಿ ಅದರಿಂದ ಬದುಕುಳಿಯೋ ಹಕ್ಕಿಗಳೂ ಇವೆ. ಆದರೆ ಬ್ರಿಟನ್ನಿನಲ್ಲಿ ಏನಾಯ್ತು ನೋಡಿ. ಅಲ್ಲಿ ತೋಟಗಳಿಗೆ ಕಾಳು ತಿನ್ನೋಕೆ ಬರೋ ಗ್ರೀನ್‌ಫಿಂಚ್ ಅನ್ನುವ ಹಸಿರು ಹಕ್ಕಿಗೆ 2005ರ ಸುಮಾರಿಗೆ ಟ್ರೈಕೊಮೊನೋಸಿಸ್ ಅನ್ನೋ ರೋಗ ತಗುಲಿತು. ಗಂಟಲು ಕಟ್ಟಿ ನುಂಗೋಕೇ ಆಗಲ್ಲ. ರೋಗ ಹಿಡಿದ ಹಕ್ಕಿಯ ಎಂಜಲು ಬಿದ್ದ ಕಾಳಿನಿಂದ, ನೀರಿನಿಂದ ಇನ್ನೊಂದಕ್ಕೆ ಹರಡುತ್ತೆ. ಒಂದೇ ತಟ್ಟೆಗೆ ಹತ್ತಾರು ಹಕ್ಕಿ ಬಾಯಿ ಹಾಕುವ ಕಡೆ ಕೇಳಬೇಕೇ? ಸಂಖ್ಯೆ ಕುಸಿದು ಕುಸಿದು, 2021ರಲ್ಲಿ ಆ ಹಕ್ಕಿ, ಉಳಿವಿನ ಬಗ್ಗೆ ಅತಿ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಅಲ್ಲಿನ ಕೆಂಪು ಪಟ್ಟಿಗೆ ಸೇರಿತು. ಹಾಗಾಗಿ ಹಾಕಲೇಬೇಕು ಅನ್ನೋರು ತಟ್ಟೆಯನ್ನ ತಿಕ್ಕಿ ತೊಳೆದು ಒಣಗಿಸಿ ಹಾಕಿ, ನೀರನ್ನ ದಿನಾ ಬದಲಾಯಿಸಿ. ಕಾಯಿಲೆ ಬಿದ್ದ ಹಕ್ಕಿ ಕಂಡರೆ ಕಾಳು ಹಾಕೋದನ್ನೇ ಕೆಲಕಾಲ ನಿಲ್ಲಿಸಿ. ನರಿ, ಮುಂಗುಸಿಯಂಥವಕ್ಕಂತೂ ಬೇಡವೇ ಬೇಡ. ನಮ್ಮ ಮನೆಬಾಗಿಲಿಗೆ ಧೈರ್ಯವಾಗಿ ಬರೋದು ಕಲಿತ ಪ್ರಾಣಿ ಎಲ್ಲರ ಮನೆಬಾಗಿಲಿಗೂ ಹಾಗೇ ಹೋಗುತ್ತೆ, ಎಲ್ಲರೂ ನಮ್ಮ ಹಾಗೆ ಇರಲ್ಲ.

ಕಾಳು ಹಾಕೋದಕ್ಕಿಂತ ಮೇಲು ಅಂದ್ರೆ ಮೂಲೆಯಲ್ಲಿ ಒಣಗೆಲೆಯ ರಾಶಿಯನ್ನ ಹಾಗೇ ಬಿಡೋದು. ಬೆಂಕಿ ಹಚ್ಚಬೇಡಿ. ಅದರಡಿ ಹುಳುಗಳಿವೆ, ಚಿಟ್ಟೆಗಳ ಕೋಶಗಳಿವೆ, ಕಪ್ಪೆಯೂ ಇರಬಹುದು. ಅದೇ ಹಕ್ಕಿಯ ಊಟ.

ನೋಡುವ ಅಭ್ಯಾಸವನ್ನೇ ಜನ ಬದಲಿಸಿಕೊಂಡ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕ್ರಿಸ್‌ಮಸ್ ಹೊತ್ತಿಗೆ ತಂಡ ಕಟ್ಟಿಕೊಂಡು ಬೇಟೆಗೆ ಹೋಗ್ತಿದ್ರು. ಯಾರು ಹೆಚ್ಚು ಹಕ್ಕಿ, ಪ್ರಾಣಿ ಕೊಂದರೋ ಅವರೇ ಗೆದ್ದ ಹಾಗೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನೋ ಪಕ್ಷಿತಜ್ಞ, ಕೊಲ್ಲೋದು ಬಿಟ್ಟು ಎಣಿಸೋಣ ಅಂದರು. ಮೊದಲ ವರ್ಷ ಎಣಿಸೋಕೆ ಹೊರಟವರು 27 ಜನ. ಆ ಎಣಿಕೆ ಇವತ್ತಿಗೂ ನಡೀತಿದೆ. 1998ರಿಂದ ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಇನ್ನೊಂದು ಎಣಿಕೆಯೂ ನಡೆಯುತ್ತೆ. ನಾಲ್ಕು ದಿನದಲ್ಲಿ ಕನಿಷ್ಠ 15 ನಿಮಿಷ, ನೀವಿರೋ ಜಾಗದಲ್ಲೇ ನಿಂತು ಕಂಡ ಹಕ್ಕಿಗಳನ್ನ ಬರೆದು ಕಳಿಸಿದರೆ ಆಯ್ತು. ನಾಲ್ಕೇ ಹಕ್ಕಿ ಕಂಡರೆ ನಾಲ್ಕನ್ನೇ ಬರೆಯಿರಿ. ಪೊದೆ ಅಲ್ಲಾಡಿಸಿ ಐದನೆಯದನ್ನ ಎಬ್ಬಿಸೋದು ಬೇಡ, ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಯೋದೂ ಬೇಡ. ಆ ಕೂಗಿಗೆ ಹಕ್ಕಿ ಹತ್ತಿರ ಬರೋದು ನಮ್ಮ ಮೇಲಿನ ಅಕ್ಕರೆಯಿಂದಲ್ಲ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿದೆ ಅಂತ ಜಗಳಕ್ಕೆ ಬರುತ್ತೆ.

ಕೊನೆಗೆ ಒಂದು ಕೋರಿಕೆ. ಗೂಬೆಯೊಂದು ಹಗಲಲ್ಲಿ ಮಲಗುವ ಮರ ಸಿಕ್ಕಿದೆ ಅಂತ ಸಂಭ್ರಮಪಟ್ಟು ಆ ಜಾಗವನ್ನ ಫೋಟೋ ಜೊತೆ ಹಂಚಿಕೊಳ್ಳೋರು ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿಯೆಲ್ಲ ಬೇಟೆಯಾಡಿ ಬಂದು ಅದು ಅಲ್ಲಿ ಮಲಗಿರುತ್ತೆ. ಮಾರನೇ ದಿನ ಹತ್ತು ಜನ ಬರ್ತಾರೆ, ಒಬ್ಬರು ಕಣ್ಣು ತೆರೆಸೋಕೆ ಚಪ್ಪಾಳೆ ಹೊಡೀತಾರೆ. ಫೋಟೋ ಹಾಕಿ, ನಾವೆಲ್ಲ ಖುಷಿಯಿಂದ ನೋಡ್ತೀವಿ. ಊರು, ರಸ್ತೆ, ಮರ ಬರೆಯಬೇಡಿ. ನನಗೂ ಅಂಥದ್ದೊಂದು ಮರ ಗೊತ್ತು, ಎಲ್ಲಿದೆ ಅಂತ ನಾನು ಹೇಳಲ್ಲ.