ಉಗುರಿಗೆ ಸಿಗದ ಬರ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಿಂದ ಒಂದು ಅಲ್ಯೂಮಿನಿಯಂ ತುಂಡು ಕಳಿಸುತ್ತಿದ್ದೇನೆ. ಕೈಯಿಂದ ಕೈಗೆ ದಾಟಿಸಿ. ಅಂಚಿನ ಮೇಲೆ ಬೆರಳು ಎಳೆಯಬೇಡಿ, ಕುಯ್ಯುತ್ತದೆ. ಉಗುರಿನಿಂದ ಮುಟ್ಟಿ ನೋಡಿ. ತೂತಿನ ಒಂದು ಕಡೆ ಹೆಚ್ಚುಕಮ್ಮಿ ನುಣುಪಾಗಿದೆ. ಇನ್ನೊಂದು ಕಡೆ ಉಗುರು ತಡೆಯುತ್ತದೆ, ಅಲ್ವಾ? ಅದೇ ಬರ್, ಕೊರೆದಾಗ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು.

ಡ್ರಿಲ್ ಒಳಗೆ ಹೋದ ಕಡೆ ಬರ್ ಕಡಿಮೆ, ಹೊರಗೆ ಬಂದ ಕಡೆ ಜಾಸ್ತಿ. ಡ್ರಿಲ್ ಕೊನೆ ಮುಟ್ಟುವ ಹೊತ್ತಿಗೆ ಅದರ ಮುಂದೆ ಉಳಿದಿರೋದು ಹಪ್ಪಳದಷ್ಟು ತೆಳು ಲೋಹ. ಹಿಂದೆ ಆಸರೆ ಇಲ್ಲ. ಹಾಗಾಗಿ ಅದು ಕತ್ತರಿಸುವ ಬದಲು ಬಾಗಿ, ಹರಿದು, ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ. ಅಲ್ಯೂಮಿನಿಯಂ, ಮೈಲ್ಡ್ ಸ್ಟೀಲ್, ಸ್ಟೇನ್‌ಲೆಸ್ ಸ್ಟೀಲ್‌ಗಳಲ್ಲಿ ಈ ಕಾಟ ಜಾಸ್ತಿ. ಕಾಸ್ಟ್ ಐರನ್ ಬಾಗೋದಿಲ್ಲ, ಅಂಚೇ ಚಕ್ಕೆ ಎದ್ದು ಉದುರುತ್ತದೆ. ಇವತ್ತು ಇದ್ದಕ್ಕಿದ್ದಂತೆ ಬರ್ ದಪ್ಪ ಬಂತು ಅಂದರೆ, ಅರ ಹುಡುಕುವ ಮೊದಲು ಡ್ರಿಲ್ ಮೊಂಡಾಗಿದೆಯಾ ನೋಡಿ.

ನಾನು ಪೀಣ್ಯದ ಒಂದು ಸಣ್ಣ ಶೆಡ್‌ಗೆ ಸೇರಿದ ದಿನ ಕೈಗೆ ಬಂದದ್ದು ಒಂದು ಸ್ಮೂತ್ ಫೈಲ್, ಅಂದರೆ ನಯವಾದ ಅರ, ಮತ್ತು ಎಮರಿ ಪೇಪರ್. ಹೊಸ ಹುಡುಗ ಬಂದರೆ ಡಿಬರ್ರಿಂಗ್‌ಗೆ, ಅಂದರೆ ಬರ್ ತೆಗೆಯೋಕೆ, ಕೂರಿಸು ಅನ್ನೋದು ಪದ್ಧತಿ. ಏನೂ ಬರದವನಿಗೆ ಕೊಡುವ ಕೆಲಸ ಅಂತ ಲೆಕ್ಕ. ನನಗೆ ಈ ಲೆಕ್ಕ ಇವತ್ತಿಗೂ ಅರ್ಥವಾಗಿಲ್ಲ. ಎಲ್ಲ ಮುಗಿದು, ಪೂರ್ತಿ ಬೆಲೆ ಕೂತಿರುವ ಜಾಬನ್ನು, ಅಂದರೆ ತಯಾರಾದ ಭಾಗವನ್ನು, ತಂದು ಶಾಪ್‌ನಲ್ಲೇ ಕಡಿಮೆ ಗೊತ್ತಿರುವವನ ಕೈಗೆ ಕೊಡುತ್ತೇವೆ!

ನನಗೆ ಕೊಟ್ಟ ಜಾಬ್‌ಗಳು ಹೈಡ್ರಾಲಿಕ್ ವಾಲ್ವ್ ಬಾಡಿಗಳು, ಅಂದರೆ ಒತ್ತಡದ ಎಣ್ಣೆಯ ಹರಿವನ್ನು ಹಿಡಿತದಲ್ಲಿಡುವ ವಾಲ್ವ್‌ನ ಹೊರಮೈ. ಹೊರಗಿನ ಅಂಚುಗಳನ್ನೆಲ್ಲ ಚೆನ್ನಾಗಿ ನುಣುಪು ಮಾಡಿದೆ. ಲಾಟ್ ಪೂರ್ತಿ ವಾಪಸ್ ಬಂತು. ಬೋರ್‌ಗೆ, ಅಂದರೆ ಮುಖ್ಯ ತೂತಿಗೆ, ಅಡ್ಡ ತೂತು ಬಂದು ಕೂಡುವ ಜಾಗದಲ್ಲಿ ಬರ್ ಹಾಗೇ ಇತ್ತು. ನಮ್ಮ ಮೇಸ್ತ್ರಿ ಬೈಯಲಿಲ್ಲ. ಕಡ್ಡಿಗೆ ಹತ್ತಿ ಸುತ್ತಿ ಬೋರ್ ಒಳಗೆ ತಿರುಗಿಸಿದರು. "ಈಗ ಎಳಿಯಪ್ಪ" ಅಂದರು. ಎಳೆದೆ. ಕಡ್ಡಿ ಬಂತು, ಅರ್ಧ ಹತ್ತಿ ಒಳಗೇ ಉಳಿಯಿತು.

ಒತ್ತಡದಲ್ಲಿ ಎಣ್ಣೆ ಹರಿದಾಗ ಆ ಬರ್ ಚೂರು ಮುರಿದು, ಬೋರ್ ಒಳಗೆ ಜಾರಾಡುವ ಸ್ಪೂಲ್ ಅನ್ನೋ ದಂಡಕ್ಕೂ ಬೋರ್‌ಗೂ ನಡುವೆ ಹೋಗುತ್ತದೆ. ಅಲ್ಲಿನ ಸಂದು ಕೆಲವೇ ಮೈಕ್ರಾನ್. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ವಾಲ್ವ್ ಅಲುಗದೆ ಹಿಡಿದುಕೊಳ್ಳಲು ಇನ್ನೇನು ಬೇಕು?

ಇದಕ್ಕೆ ಅರ್ಧ ಉತ್ತರ ಮೆಷಿನ್ ಮೇಲೇ ಇದೆ. ಅಡ್ಡ ತೂತು ಮೊದಲು ಹಾಕಿ, ಬೋರ್ ಫಿನಿಶಿಂಗ್ ಆಮೇಲೆ ಮಾಡಿ. ಆಗ ಬರ್ ಅಡ್ಡ ತೂತಿನ ಕಡೆ ತಳ್ಳಿಕೊಂಡು ಹೋಗುತ್ತದೆ. ಅಬ್ರೇಸಿವ್, ಅಂದರೆ ಉಜ್ಜುವ ಪುಡಿ, ಬೆರೆತ ನೈಲಾನ್ ಬ್ರಷ್ ಅಲ್ಲಿಗೆ ಹಾಕಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಥರ್ಮಲ್ ಡಿಬರ್ರಿಂಗ್ ಇದೆ. ಗಟ್ಟಿಯಾಗಿ ಮುಚ್ಚಿದ ಉಕ್ಕಿನ ಚೇಂಬರ್‌ನಲ್ಲಿ ಜಾಬ್ ಇಟ್ಟು, ಮೀಥೇನ್ ಮತ್ತು ಆಮ್ಲಜನಕ ತುಂಬಿ ಕಿಡಿ ಕೊಡುತ್ತಾರೆ. ಕೆಲವೇ ಮಿಲಿಸೆಕೆಂಡು, 3000 ಡಿಗ್ರಿ ಆಸುಪಾಸು ಶಾಖ. ಒಲೆಗೆ ಒಣಗಿದ ತೆಂಗಿನ ಗರಿ ಹಾಕಿದರೆ ಭಗ್ಗನೆ ಉರಿದುಹೋಗುತ್ತದೆ, ಪಕ್ಕದ ಕೊರಡು ಹಾಗೇ ಇರುತ್ತದಲ್ಲ? ಬರ್ ಗರಿ, ಜಾಬ್ ಕೊರಡು. ಆಮೇಲೆ ಮೇಲೆ ಕೂತ ಆಕ್ಸೈಡ್ ತೊಳೆಯಬೇಕು.

ಜಾಸ್ತಿ ತೆಗೆದರೂ ತಪ್ಪೇ. ಅದೇ ವಾಲ್ವ್‌ನ ಸ್ಪೂಲ್ ಅಂಚಿನಲ್ಲಿ ಬರ್ ಇರಬಾರದು, ಆದರೆ ಅಂಚು ಚೂಪಾಗೇ ಇರಬೇಕು. ಎಣ್ಣೆ ಎಷ್ಟು ಹರಿಯಬೇಕು ಅಂತ ಅಳೆಯೋದೇ ಆ ಅಂಚು. ಸುಮ್ನೆ ಎಮರಿ ಹಿಡಿದು ಉಜ್ಜಿದರೆ ಜಾಬ್ ಸ್ಕ್ರ್ಯಾಪ್. ಡ್ರಾಯಿಂಗ್‌ನಲ್ಲಿ 'ಎಲ್ಲ ಬರ್ ತೆಗೆಯಿರಿ' ಅಂತ ಒಂದು ಸಾಲು ಬರೆದರೆ ಒಬ್ಬ 0.1 ಮಿಲಿಮೀಟರ್ ತೆಗೆಯುತ್ತಾನೆ, ಇನ್ನೊಬ್ಬ 1 ಮಿಲಿಮೀಟರ್. ಅದಕ್ಕೇ ಐಎಸ್‌ಒ 13715 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಹೊರ ಅಂಚಿನ ಗುರುತಿನಲ್ಲಿ ಮೈನಸ್ 0.3 ಅಂತಿದ್ದರೆ ಅಷ್ಟು ಮಿಲಿಮೀಟರ್‌ವರೆಗೆ ಅಂಚು ಸವೆಸಬಹುದು, ಬರ್ ಇರಬಾರದು. ಪ್ಲಸ್ ಇದ್ದರೆ ಅಷ್ಟು ಬರ್ ಇದ್ದರೂ ನಡೆಯುತ್ತದೆ.

ಒಂದು ಮಾತು, ಹುಡುಗರಿಗೆ. ಜಾಬ್ ಎತ್ತಿಡುವಾಗ ಗ್ಲೌಸ್ ಹಾಕಿ. ಡ್ರಿಲ್ ತಿರುಗುತ್ತಿರುವಾಗ ಮಾತ್ರ ಬೇಡವೇ ಬೇಡ, ಸುತ್ತಿಕೊಂಡರೆ ಕೈಯನ್ನೇ ಎಳೆಯುತ್ತದೆ.

ತುಂಡು ಕೊನೇ ಸಾಲು ಮುಟ್ಟಿತಾ? ಅದರ ಪಕ್ಕದಲ್ಲಿ ಒಂದು ಸಣ್ಣ ಅಡ್ಡ ತೂತು ಇದೆ, ಯಾರೂ ಗಮನಿಸಿದ ಹಾಗಿಲ್ಲ. ಹತ್ತಿ, ಕಡ್ಡಿ ಇಲ್ಲಿ ಮೇಜಿನ ಮೇಲಿವೆ. ಒಬ್ಬೊಬ್ಬರೇ ಬಂದು ತಿರುಗಿಸಿ ನೋಡಿ, ಆಮೇಲೆ ಪ್ರಶ್ನೆ ಕೇಳಿ.