‘ನಿನ್ನ ಚಿತ್ತದಂತಾಗಲಿ’ ಎನ್ನುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

‘ದೇವರೇ, ನಿನ್ನ ಚಿತ್ತದಂತಾಗಲಿ.’ ಕ್ರೈಸ್ತರ ಪ್ರಾರ್ಥನೆಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬಂದುಹೋಗುತ್ತದೆಂದರೆ, ಕಾಗದದ ಕೊನೆಯಲ್ಲಿ ಬರೆಯುವ ‘ಇಂತಿ ನಿಮ್ಮ ವಿಶ್ವಾಸಿ’ಗಿಂತ ಹೆಚ್ಚಿನ ತೂಕ ಅದಕ್ಕೆ ಉಳಿದಿರುವುದಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿ, ಕೊನೆಗೆ ಇದೊಂದು ಮಾತು ಸೇರಿಸಿ ಏಳುವವರಿದ್ದಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಭಕ್ತಿಗೆ ಕುಂದು ಬಂದೀತೆಂದು ಹೆದರಿ, ನೇರವಾಗಿ ‘ನಿನ್ನ ಚಿತ್ತ’ಕ್ಕೇ ಹಾರಿಬಿಡುತ್ತಾರೆ. ನನಗೆ ಕೇಳಿದರೆ ಎರಡನೆಯದೇ ಹೆಚ್ಚು ಅಪಾಯದ್ದು. ಹೇಳದೆ ಬಚ್ಚಿಟ್ಟ ಆಸೆ ಬದಲಾಗುವುದಿಲ್ಲ, ಒಳಗೇ ಕೂತು ತನ್ನ ಕೆಲಸ ನಡೆಸುತ್ತಿರುತ್ತದೆ.

ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯದಲ್ಲಿ ಯೇಸು ತಮ್ಮ ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆಯನ್ನು ನಿಧಾನವಾಗಿ ಓದಿ ನೋಡಿ. 39ನೇ ವಚನದಲ್ಲಿ ಯೇಸುಸ್ವಾಮಿ ತಮಗೆ ಬೇಕಾದದ್ದನ್ನು ಮುಚ್ಚುಮರೆಯಿಲ್ಲದೆ ಕೇಳುತ್ತಾರೆ: ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಮುಂದಿರುವ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ. ಆಮೇಲೆಯೇ ‘ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ’ ಎಂಬ ಮಾತು ಬರುತ್ತದೆ. ಎದ್ದು ಹೋಗಿ ನೋಡಿದರೆ ಶಿಷ್ಯರು ನಿದ್ದೆಹೋಗಿದ್ದಾರೆ. ಮತ್ತೆ ಬಂದು ಪ್ರಾರ್ಥಿಸುತ್ತಾರೆ. 42ನೇ ವಚನದ ಈ ಎರಡನೇ ಪ್ರಾರ್ಥನೆಯಲ್ಲಿ ಮಾತು ಬದಲಾಗಿದೆ: ನಾನು ಕುಡಿಯದೆ ಇದು ಹೋಗುವುದು ಸಾಧ್ಯವಿಲ್ಲದಿದ್ದರೆ, ನಿನ್ನ ಚಿತ್ತವೇ ಆಗಲಿ. ಮೊದಲು ‘ಸಾಧ್ಯವಿದ್ದರೆ’, ಆಮೇಲೆ ‘ಸಾಧ್ಯವಿಲ್ಲದಿದ್ದರೆ’. ಮೂರನೆಯ ಸಲ ಮತ್ತೆ ಅದೇ ಮಾತು. ಅಂದರೆ ಸ್ವತಃ ಯೇಸುವಿನ ಪ್ರಾರ್ಥನೆಯೂ ಒಂದೇ ಉಸಿರಿನಲ್ಲಿ ಮುಗಿಯಲಿಲ್ಲ. ನಮ್ಮದು ಐದು ನಿಮಿಷದಲ್ಲಿ ಮುಗಿಯಬೇಕೆಂದು ನಾವೇಕೆ ಅಂದುಕೊಳ್ಳುತ್ತೇವೋ!

ಹಾಗಾದರೆ ಇದನ್ನು ಅಭ್ಯಾಸಕ್ಕೆ ತರುವುದು ಹೇಗೆ? ಇಪ್ಪತ್ತು ನಿಮಿಷ, ಒಂದು ಹಾಳೆ, ಒಂದು ಪೆನ್ನು ಸಾಕು. ಮನಸ್ಸಿನಲ್ಲಿರುವ ಆಸೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಎಲ್ಲ ಒಳ್ಳೆಯದಾಗಲಿ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಆ ಬಡ್ತಿ ನನಗೇ ಸಿಗಬೇಕು’ ಎನ್ನುವಷ್ಟು ನೇರವಾಗಿರಲಿ. ಅದರ ಕೆಳಗೆ ‘ಅದು ಸಿಕ್ಕರೆ ಏನಾಗುತ್ತದೆ?’ ಎಂದು ಕೇಳಿ ಉತ್ತರ ಬರೆಯಿರಿ. ಆ ಉತ್ತರಕ್ಕೂ ಅದೇ ಪ್ರಶ್ನೆ ಹಾಕಿ. ಹೀಗೆ ಮೂರು ನಾಲ್ಕು ಸಲ. ಬಡ್ತಿ ಸಿಕ್ಕರೆ ಸಂಬಳ ಏರುತ್ತದೆ, ಸಂಬಳ ಏರಿದರೆ ಸಾಲ ತೀರುತ್ತದೆ, ಸಾಲ ತೀರಿದರೆ ಮನೆಯಲ್ಲಿ ನೆಮ್ಮದಿ. ಇಷ್ಟರವರೆಗೆ ಸರಿ. ಇನ್ನೊಂದು ಸಾಲು ಇಳಿದರೆ, ‘ನನ್ನನ್ನು ಹಿಂದೆ ಹಾಕಿದ ಆ ಸಹೋದ್ಯೋಗಿ ತಲೆ ತಗ್ಗಿಸಬೇಕು’ ಎಂಬುದೂ ಹೊರಬೀಳಬಹುದು. ಬೇಡಿದರೂ ಸಿಗದಿರುವುದಕ್ಕೆ ಯಾಕೋಬನು ಹೊಸ ಒಡಂಬಡಿಕೆಯಲ್ಲಿರುವ ತನ್ನ ಪತ್ರದ 4ನೇ ಅಧ್ಯಾಯದಲ್ಲಿ ಕೊಡುವ ಕಾರಣ ಇದೇ: ದುರಭಿಪ್ರಾಯದಿಂದ ಬೇಡುತ್ತೀರಿ. ಹಾಗೆಂದು ಇಡೀ ಆಸೆಯನ್ನೇ ಎಸೆಯಬೇಕಾಗಿಲ್ಲ. ಒಂದೇ ಆಸೆಯಲ್ಲಿ ಎರಡು ಬೆರೆತಿವೆ. ನೆಮ್ಮದಿಯನ್ನು ಬೇಡಿಕೊಳ್ಳಿ, ಮತ್ಸರವನ್ನು ಅರಿಕೆಮಾಡಿ.

ಕೆಲವು ವಿಷಯಗಳಲ್ಲಿ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಆಸೆ ಈಡೇರಲು ಸುಳ್ಳು ಹೇಳಬೇಕು, ಒಬ್ಬರ ಪಾಲು ಕಸಿಯಬೇಕು ಅಂತಾದರೆ ಉತ್ತರ ಆಗಲೇ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇದೆ.

ಎರಡೂ ದಾರಿ ಒಳ್ಳೆಯವೇ ಆಗಿದ್ದು, ಯಾವುದು ದೇವರ ಚಿತ್ತವೆಂದು ತಿಳಿಯದಿದ್ದಾಗ ನಿಜವಾದ ಕಷ್ಟ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್, ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದದ್ದು ಆ ವಿಷಯದಲ್ಲಿ ತನ್ನದೇ ಹಟ ಉಳಿಯದಂಥ ಸ್ಥಿತಿಗೆ ಹೃದಯವನ್ನು ತರುವುದು ಎನ್ನುತ್ತಿದ್ದರು. ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಇದಕ್ಕೊಂದು ಪರೀಕ್ಷೆಯನ್ನೇ ಕಂಡುಕೊಂಡರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕದನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಅವರಿಗೆ ಎರಡು ಬಗೆಯ ಹಗಲುಗನಸು. ಒಂದು, ವೀರನಾಗಿ ಮೆರೆದು ಒಬ್ಬ ಕುಲೀನ ಸ್ತ್ರೀಯ ಮೆಚ್ಚುಗೆ ಗಳಿಸುವುದು. ಇನ್ನೊಂದು, ಸಂತರ ಹಾಗೆ ಬದುಕುವುದು. ಕಾಣುವಾಗ ಎರಡೂ ಹಿತವೇ. ಕನಸು ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಆಸೆಯನ್ನು ಅಳೆಯಬೇಕಾದ್ದು ಅದು ಉಕ್ಕಿದಾಗಲ್ಲ, ಇಳಿದ ಮೇಲೆ.

ನೀವೂ ಹೀಗೆ ಮಾಡಬಹುದು. ಮೂರು ದಿನ ‘ಹೌದು’ ಎಂಬ ತೀರ್ಮಾನವಾಗಿದೆ ಎಂದುಕೊಂಡು ಪ್ರಾರ್ಥಿಸಿ, ಮುಂದಿನ ಮೂರು ದಿನ ‘ಇಲ್ಲ’ ಎಂದುಕೊಂಡು. ಪ್ರತಿ ರಾತ್ರಿ ಎರಡು ಸಾಲು ಬರೆದಿಡಿ: ಇಂದು ಜನರನ್ನು ಕಂಡಾಗ ಮನಸ್ಸು ಅರಳಿತೋ, ಮುದುಡಿತೋ? ಪ್ರಾರ್ಥನೆ ಬೇಕೆನಿಸಿತೋ, ತಪ್ಪಿಸಿಕೊಳ್ಳೋಣ ಅನಿಸಿತೋ? ಇಲ್ಲಿ ಒಂದು ಎಚ್ಚರಿಕೆ. ಯಾವ ತೀರ್ಮಾನ ಮಾಡಿದರೂ ಮೊದಲ ದಿನ ಹಗುರವೆನಿಸುತ್ತದೆ, ಏಕೆಂದರೆ ಹೊಯ್ದಾಟ ನಿಂತಿರುತ್ತದೆ. ಅದನ್ನೇ ದೇವರು ಕೊಟ್ಟ ಸಮಾಧಾನವೆಂದು ನಂಬಿ ಹೊರಟವರು ಅನೇಕರು. ಆ ಹಗುರ ಮೂರನೇ ದಿನಕ್ಕೂ ಉಳಿದಿದೆಯೇ ನೋಡಿ. ಇಗ್ನೇಷಿಯಸರ ಇನ್ನೊಂದು ನಿಯಮವನ್ನೂ ಮರೆಯಬೇಡಿ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಹಾಗೆಯೇ, ಈ ವಿಷಯದಲ್ಲಿ ಲಾಭನಷ್ಟವಿಲ್ಲದ ಒಬ್ಬ ಪ್ರೌಢ ವಿಶ್ವಾಸಿಗೆ ನಿಮ್ಮ ಟಿಪ್ಪಣಿಯನ್ನು ಓದಿಹೇಳಿ.

ಇಷ್ಟಾದರೂ ದಾರಿ ತಪ್ಪುವುದುಂಟು. ಪ್ರವಾದಿ ಯೆರೆಮೀಯನ ಗ್ರಂಥದ 42ನೇ ಅಧ್ಯಾಯದಲ್ಲಿ, ಯೆರೂಸಲೇಮು ಪಾಳಾದ ಮೇಲೆ ಉಳಿದ ಜನ ಪ್ರವಾದಿಯ ಬಳಿ ಬಂದು, ದೇವರು ಹೇಳಿದ್ದು ಒಳ್ಳೆಯದಿರಲಿ ಕೆಟ್ಟದ್ದಿರಲಿ ಕೇಳುತ್ತೇವೆ ಎಂದು ಮಾತು ಕೊಡುತ್ತಾರೆ. ಹತ್ತು ದಿನಗಳ ಮೇಲೆ ಉತ್ತರ ಬಂತು: ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿ, ಇಲ್ಲೇ ಇರಿ. ಅವರು ಪ್ರವಾದಿಯನ್ನೇ ಸುಳ್ಳುಗಾರ ಎಂದರು. ಐಗುಪ್ತದ ಪ್ರಯಾಣ ಅವರ ಮನಸ್ಸಿನಲ್ಲಿ ಮೊದಲೇ ಗೊತ್ತಾಗಿಹೋಗಿತ್ತು. ಬೇಕಿದ್ದದ್ದು ದೇವರ ಸಹಿ ಮಾತ್ರ. ಇದು ನಿಮ್ಮ ಕಥೆಯೂ ಹೌದೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ಬೇಡ’ ಎಂಬ ಉತ್ತರ ಬಂದರೆ ನಾಳೆ ಬೆಳಿಗ್ಗೆ ನಾನು ಏನನ್ನು ಬೇರೆ ಥರ ಮಾಡುತ್ತೇನೆ? ಅದಕ್ಕೆ ಉತ್ತರ ಹೊಳೆಯದಿದ್ದರೆ ನೀವಿನ್ನೂ ಕೇಳುವ ಹಂತಕ್ಕೆ ಬಂದಿಲ್ಲ.

ಇನ್ನು ಕೆಲವರು ಕಣ್ಣುಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟ ವಚನವನ್ನೇ ಉತ್ತರವೆನ್ನುತ್ತಾರೆ. ಹಳೆ ಒಡಂಬಡಿಕೆಯ ಗಿದ್ಯೋನನು ಕಣದಲ್ಲಿ ಉಣ್ಣೆಯಿಟ್ಟು, ಇಬ್ಬನಿ ಅದರ ಮೇಲೆ ಮಾತ್ರ ಬೀಳಲಿ ಎಂದು ದೇವರಿಂದ ಗುರುತು ಕೇಳಲಿಲ್ಲವೇ ಎಂಬ ವಾದ ಬೇರೆ. ಗಿದ್ಯೋನನಿಗೆ ಯುದ್ಧಕ್ಕೆ ಹೊರಡಲು ದೇವರ ಅಪ್ಪಣೆ ಅದಕ್ಕೆ ಮೊದಲೇ ಸಿಕ್ಕಿತ್ತು. ಅವನು ಉಣ್ಣೆಯಿಟ್ಟದ್ದು ಅನುಮಾನಕ್ಕೆ.

ಎಷ್ಟು ಸಲ ಕೇಳಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಉಳಿದ ಪ್ರಶ್ನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯ ವಿಧವೆ ನ್ಯಾಯಾಧಿಪತಿಯನ್ನು ಬಿಡದೆ ಕೇಳಿದಳು. ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲ (ತನ್ನನ್ನು ಕಾಡುತ್ತಿದ್ದ ಬಾಧೆಗೆ ಅವನಿಟ್ಟ ಹೆಸರು) ತೊಲಗಲೆಂದು ಮೂರು ಸಾರಿ ಬೇಡಿ ಸುಮ್ಮನಾದನು. ಇವೆರಡೂ ಒಂದಕ್ಕೊಂದು ವಿರೋಧವಲ್ಲ. ವಿಧವೆಗೆ ಇನ್ನೂ ಉತ್ತರ ಬಂದಿರಲಿಲ್ಲ, ಅವಳು ಕೇಳಿದ್ದು ನ್ಯಾಯ. ಪೌಲನಿಗೆ ಉತ್ತರ ಬಂದಿತ್ತು: ನನ್ನ ಕೃಪೆಯೇ ನಿನಗೆ ಸಾಕು. ಅರಸ ದಾವೀದನೂ ಕಾಯಿಲೆ ಬಿದ್ದ ತನ್ನ ಮಗುವಿಗಾಗಿ ಏಳು ದಿನ ಉಪವಾಸ ಬಿದ್ದು, ಮಗು ಸತ್ತ ಸುದ್ದಿ ಕೇಳಿದ ಮೇಲೆ ಎದ್ದು, ಸ್ನಾನ ಮಾಡಿ, ಆರಾಧಿಸಿ, ಊಟಕ್ಕೆ ಕೂತನು. ಅಳು ತಪ್ಪೆಂದು ಇದರರ್ಥವಲ್ಲ. ಏಳೂ ದಿನ ಅವನು ಅತ್ತಿದ್ದನು.

ಆದ್ದರಿಂದ ಬಾಗಿಲು ಮುಚ್ಚಿದ್ದು ಖಚಿತವಾದಾಗ ಪ್ರಾರ್ಥನೆ ನಿಲ್ಲಿಸಬೇಡಿ, ಆ ಹಾಳೆಯ ಮೇಲಿನ ವಾಕ್ಯವನ್ನು ತಿದ್ದಿ. ‘ಇದನ್ನು ತೆಗೆದುಹಾಕು’ ಎಂದಿದ್ದ ಕಡೆ ‘ಇದರೊಂದಿಗೆ ಇವತ್ತಿನ ದಿನ ನಡೆಯಲು ಬಲ ಕೊಡು’ ಎಂದು ಬರೆಯಿರಿ. ಕೆಳಗೆ ದಿನಾಂಕ ಹಾಕಿ. ನಾಳೆಯ ಪ್ರಾರ್ಥನೆಯನ್ನು ಆ ವಾಕ್ಯದಿಂದಲೇ ಶುರುಮಾಡಿ.

ನಮಸ್ಕಾರ.